ಅರ್ಧ ಗ್ಯಾಂಗು ಹೊಳಿ ದಾಟಂಗಿಲ್ಲ

ಮಿಲಿಟರಿ ಬಂತು ಅಂದ ಕೂಡಲೇ ಗಂಗಾವತಿಯ ನಮ್ಮ ಹಾಸ್ಟೆಲಿನ ಹುಡುಗಿಯರೆಲ್ಲ ಚಪ್ಪಾಳೆ ಹೊಡೆದರು. ನಾನು ಹೊಡೆಯಲಿಲ್ಲ. ನಮ್ಮವ್ವ ಆ ಹೊತ್ತಿಗೆ ವಿರೂಪಾಪುರಗಡ್ಡೆಯಲ್ಲಿ ಸಿಕ್ಕಿಬಿದ್ದಿದ್ದಳು, ಸುತ್ತ ನಾಲ್ಕೂ ಕಡೆ ತುಂಗಭದ್ರೆ. ಅದು ಒಂದು ಕಾರಣ. ಇನ್ನೊಂದು ಕಾರಣ, ಯೂನಿಫಾರ್ಮು ಕಂಡ ಕೂಡಲೇ ಚಪ್ಪಾಳೆ ಹೊಡೆಯುವ ಜಾತಿ ನಂದಲ್ಲ.

ಅದಕ್ಕೆ ಸ್ವಲ್ಪ ದಿನ ಮುಂಚೆ ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಇದೇ ವಿಷಯಕ್ಕೆ ನಾನು ವಿರೋಧವಾಗಿ ಮಾತಾಡಿದ್ದೆ. ನೆರೆ ಬಂದಾಗ ಸೈನ್ಯವನ್ನು ಕರೆಯುವುದು ಸರಿಯೋ ತಪ್ಪೋ? ತಪ್ಪು ಅಂದೆ. ಮಳೆ ಪ್ರತಿವರ್ಷ ಬರುತ್ತದೆ, ಡ್ಯಾಮು ಎಲ್ಲಿಗೂ ಓಡಿಹೋಗಿಲ್ಲ, ಗೇಟು ಎತ್ತಿದರೆ ನೀರು ಯಾವ ಕಡೆ ಹರಿಯುತ್ತದೆ ಅನ್ನೋದು ಎರಡನೇ ಇಯತ್ತೆಯ ಮಗುವಿಗೂ ಗೊತ್ತು. ಇಷ್ಟೆಲ್ಲ ಗೊತ್ತಿದ್ದ ಮೇಲೆ ಇದು ವಿಪತ್ತು ಹೇಗಾಗುತ್ತದೆ? ಗಡಿ ಕಾಯುವವರನ್ನು ಹೊಳೆ ಕಾಯಲು ಕರೆಯುತ್ತೀರಿ ಅಂದರೆ, ಹೊಳೆ ಕಾಯಬೇಕಾದವರು ಅಷ್ಟೊತ್ತು ಏನು ಕಾಯುತ್ತಿದ್ದರು? ಇಲ್ಲಿಗೆ ಬಂದಾಗ ಸಭೆ ಸಿಳ್ಳೆ ಹಾಕಿತು. ಮೊದಲ ಬಹುಮಾನ ಬಂತು. ಆ ಪ್ರಶ್ನೆಯನ್ನು ನಾನು ಇವತ್ತಿಗೂ ವಾಪಸ್ ತಗೊಂಡಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಹೊಳೆಯ ದಂಡೆಗೆ ಹೋದ ನಾನು ಕಣ್ಣೀರು ಹಾಕಿ ಮನಸ್ಸು ಬದಲಾಯಿಸಿಕೊಂಡೆ ಅಂತ ಯಾರಾದರೂ ಕಾಯುತ್ತಿದ್ದರೆ ಇಲ್ಲೇ ಓದುವುದು ನಿಲ್ಲಿಸಬಹುದು.

ಆದರೆ ಅವತ್ತು ಏನಾಯಿತು ಅನ್ನೋದನ್ನು ಹೇಳಲೇಬೇಕು. ಈಗಲೂ ನೆನೆಸಿಕೊಂಡರೆ ಕೂತಲ್ಲಿ ಕೂರಲಾಗುವುದಿಲ್ಲ.

ನಮ್ಮದು ನವಲಿ. ಅವ್ವ ನಾಟಿ ಹಚ್ಚುವ ಹೆಣ್ಣಾಳುಗಳ ಗ್ಯಾಂಗಿನ ಮೇಸ್ತ್ರಿ. ಮೇಸ್ತ್ರಿ ಅಂದರೆ ದೊಡ್ಡ ಅಧಿಕಾರ ಏನಲ್ಲ; ಗದ್ದೆ ಮಾತಾಡುವವಳು, ಮುಂಜಾನೆ ಎಲ್ಲರನ್ನೂ ಎಬ್ಬಿಸುವವಳು, ಎಲ್ಲರ ಜೊತೆ ತಾನೂ ಬಗ್ಗಿ ಸಸಿ ಊರುವವಳು. ಗಡ್ಡೆಯ ಗದ್ದೆಗಳು ನಮ್ಮೂರಿಂದ ದೂರ. ಹಾಗಾಗಿ ಅಲ್ಲಿ ಕೆಲಸ ಸಿಕ್ಕಾಗ ಗ್ಯಾಂಗು ರೊಟ್ಟಿ ಕಟ್ಟಿಕೊಂಡು ಹೋಗಿ, ಯಜಮಾನನ ಪಂಪ್‌ಸೆಟ್ ಮನೆಯಲ್ಲೇ ಉಳಿದು, ನಾಟಿ ಮುಗಿಸಿ ಬರುತ್ತದೆ.

ಈ ಗ್ಯಾಂಗಿಗೆ ಒಂದು ಕಟ್ಟಳೆ. ಎಲ್ಲರೂ ಕೂಡಿ ಗದ್ದೆಗೆ ಇಳಿಯಬೇಕು, ಎಲ್ಲರೂ ಕೂಡಿ ಏರಬೇಕು. ಸಾಲು ಮುಗಿಯುವ ಮುಂಚೆ ಒಬ್ಬಳು ಎದ್ದು ಹೋಗುವಂತಿಲ್ಲ. ಒಬ್ಬಳ ಕೈ ನಿಧಾನ ಆದರೆ ಆಚೆಈಚೆಯವರು ಅವಳ ಸಾಲಿಗೆ ಕೈ ಹಾಕಿ ಮುಗಿಸುತ್ತಾರೆಯೇ ಹೊರತು ಬಿಟ್ಟು ಬರುವುದಿಲ್ಲ. ಮೇಲಿಂದ ನೋಡಿದರೆ ಇದು ಕೆಲಸದ ಶಿಸ್ತು ಅನ್ನಿಸುತ್ತದೆ. ಒಳಗೆ ಬೇರೆ ಲೆಕ್ಕ ಇದೆ. ಹೊಸದಾಗಿ ಬಂದ ಸೊಸೆಯನ್ನು, ಮದುವೆಯಾಗದ ಮಗಳನ್ನು ಯಾವ ಮನೆಯವರು ಹೊಳೆಯಾಚೆ ರಾತ್ರಿ ಉಳಿಯಲು ಕಳಿಸುತ್ತಾರೆ? 'ಕೂಡೇ ಹೋಕ್ಕಾರ, ಕೂಡೇ ಬರ್ತಾರ' ಅನ್ನುವ ಅವ್ವನ ಒಂದು ಮಾತಿನ ಮೇಲೆ ಕಳಿಸುತ್ತಾರೆ. ಆ ಮಾತು ಒಂದು ಸಲ ಸುಳ್ಳಾದರೆ ಮುಂದಿನ ವರ್ಷ ಗ್ಯಾಂಗೇ ಇಲ್ಲ.

ಅವತ್ತು ಮುಳುಗಿಸಿದ್ದೂ ಈ ಕಟ್ಟಳೆಯೇ. ಡ್ಯಾಮಿನಿಂದ ನೀರು ಬಿಟ್ಟಾರ ಅಂತ ಮುಂಜಾನೆ ಆಟೋದವರು ಮೈಕಿನಲ್ಲಿ ಕೂಗಿದ್ದು ಈ ದಂಡೆಯಲ್ಲಿ. ಗಡ್ಡೆಯ ಆ ತುದಿಯ ಗದ್ದೆಗೆ ಕೇಳಿದ್ದು ಬರೀ ಗಾಳಿ. ಕೊನೆಗೆ ಒಬ್ಬ ಟ್ರ್ಯಾಕ್ಟರಿನವ ಹೋಗಿ, 'ಬರ್ರಿ, ಸೇತುವಿ ಮ್ಯಾಲ ಇನ್ನಾ ನೀರು ತೆಳ್ಳಗ ಐತಿ, ಹಿಡಿಸಿದಷ್ಟು ಮಂದಿ ಹತ್ರಿ' ಅಂದನಂತೆ. ಹಿಡಿಸಿದಷ್ಟು! ಅಂದರೆ ಅರ್ಧ. 'ಇದೊಂದು ಮಡಿ ಉಳದೈತಿ, ಮುಗಿಸಿ ಎಲ್ಲಾರೂ ನಡಕೊಂಡ ಬರ್ತೀವಿ ತಗಿ' ಅಂತ ಅವ್ವ ಅವನನ್ನು ಕಳಿಸಿದಳು. ಆ ಮಡಿಯ ನಾಟಿ ಮುಗಿಯಿತು. ಸಾಲು ನೆಟ್ಟಗೆ ಬಂದಿತ್ತಂತೆ, ಅದನ್ನೂ ಆಮೇಲೆ ಹೇಳಿದಳು. ಸೇತುವೆಗೆ ಬಂದು ನೋಡಿದರೆ ಸೇತುವೆ ಇರಲಿಲ್ಲ.

ಅವಳ ಫೋನು ಬಂದಾಗ ನಾನು ಹಾಸ್ಟೆಲಿನ ಊಟದ ಸಾಲಿನಲ್ಲಿದ್ದೆ. 'ನೀರು ಬಂದೈತಿ. ನೀ ಗಾಬರಿ ಆಗಬ್ಯಾಡ. ನಾವು ಬಂಡಿಗಲ್ಲಿನ ಮ್ಯಾಲ ಅದೀವಿ.' ಅಷ್ಟೇ. ಆಮೇಲೆ ಫೋನು ಹತ್ತಲಿಲ್ಲ.

ನಮ್ಮ ಸೋದರಮಾವನದು ಟಂಟಂ ಗಾಡಿ. ಗ್ಯಾಂಗನ್ನು ಗಡ್ಡೆಗೆ ಬಿಟ್ಟುಬಂದವನೂ ಅವನೇ. ಸುದ್ದಿ ತಿಳಿದು ಬಂದವನೇ ಹಾಸ್ಟೆಲಿನ ಮುಂದೆ ಹಾರ್ನು ಒತ್ತಿದ. ದಾರಿಯುದ್ದಕ್ಕೂ ಅವನು ಸಿಕ್ಕ ದೇವರಿಗೆಲ್ಲ ಕೈ ಮುಗಿದ, ನಾನು ಸಿಕ್ಕ ಅಧಿಕಾರಿಗಳಿಗೆಲ್ಲ ಬೈದೆ.

ದಂಡೆಯಲ್ಲಿ ಸಂತೆಯಂಥ ಮಂದಿ! ಹೊಳೆ ಅನ್ನೋದು ಹೊಳೆಯಾಗಿ ಉಳಿದಿರಲಿಲ್ಲ. ಬಂಡೆಗಳ ನಡುವೆ ಕೆಂಪು ನೀರು ಮಡಚಿಕೊಂಡು, ಎದ್ದು, ಬಡಿದುಕೊಂಡು ಹೋಗುತ್ತಿತ್ತು. ಸದ್ದು ಕಿವಿಗಿಂತ ಎದೆಗೆ ಜಾಸ್ತಿ ತಾಗುತ್ತಿತ್ತು. ಹಸಿರು ಲಾರಿಯಿಂದ ಜವಾನರು ರಬ್ಬರ್ ಬೋಟುಗಳನ್ನು ಇಳಿಸುತ್ತಿದ್ದರು. ಮಡಚಿಟ್ಟ ಹಾಸಿಗೆಯಂತಿದ್ದದ್ದು ಗಾಳಿ ತುಂಬಿದ ಹಾಗೆ ಉಬ್ಬಿ, ಮೂಗು ಎತ್ತಿ, ದೋಣಿಯಾಗಿ ನಿಂತಿತು. ಮಂದಿಗೆ ಅದೇ ಒಂದು ತಮಾಷೆ. 'ಇದು ಪಂಚರ್ ಆದ್ರ ಏನ್ಮಾಡ್ತಾರ?' ಅಂತ ಒಬ್ಬ ಕೇಳಿದ. 'ನಿನ್ನ ಸೈಕಲ್ ಅಂಗಡಿಗೆ ತರ್ತಾರ' ಅಂತ ಇನ್ನೊಬ್ಬ. ನಾನು ನೋಡಿದ್ದು ಬೇರೆ. ಒಬ್ಬರೂ ಕೂಗುತ್ತಿರಲಿಲ್ಲ. ಒಬ್ಬ ಹಗ್ಗ ಚಾಚಿದರೆ ಇನ್ನೊಬ್ಬನ ಕೈ ಅಲ್ಲೇ ಇರುತ್ತಿತ್ತು. ನನಗೆ ಇದು ಎಲ್ಲೋ ನೋಡಿದ ಹಾಗಿದೆ ಅನ್ನಿಸಿತು, ಎಲ್ಲಿ ಅಂತ ಹೊಳೆಯಲಿಲ್ಲ.

ಅವರ ಮುಖ್ಯಸ್ಥರು ಒಬ್ಬ ಸುಬೇದಾರ್. ಉತ್ತರದ ಗುಡ್ಡಗಾಡಿನವರು, ನರೆತ ಮೀಸೆ, ಗಿಡ್ಡ ಆಳು. ಗಡ್ಡೆಯ ಈಚೆ ತುದಿಯ ಲಾಡ್ಜುಗಳಲ್ಲಿದ್ದ ಪ್ರವಾಸಿಗರನ್ನು ಆಗಲೇ ತಂದು ಇಳಿಸಿದ್ದರು. ಒಬ್ಬ ವಿದೇಶಿಯವ ನಡುಗುತ್ತ ಬಾಳೆಹಣ್ಣು ತಿನ್ನುತ್ತಿದ್ದ. ನನಗೆ ಸಿಟ್ಟು ನೆತ್ತಿಗೇರಿತು. ನೇರ ಸುಬೇದಾರರ ಮುಂದೆ ಹೋಗಿ ನಿಂತೆ. ನನ್ನ ಹಿಂದಿ ಗಂಗಾವತಿ ಸಂತೆಯ ಹಿಂದಿ. ತರಕಾರಿ ಕೊಳ್ಳಲು ಸಾಕು, ಜಗಳಕ್ಕೆ ಅದಕ್ಕಿಂತ ಚೆನ್ನಾಗಿ ಒದಗುತ್ತದೆ.

'ಪ್ರವಾಸಿಗಳು ಮೊದಲು, ಕೂಲಿಯವರು ಆಮೇಲೆ. ಇದು ಯಾವ ನಿಯಮ, ಸಾಬ್?'

ಅವರು ಬೋಟಿನಿಂದ ತಲೆ ಎತ್ತಲಿಲ್ಲ. 'ಹತ್ತಿರ ಇದ್ದವರು ಮೊದಲು. ಆ ತುದಿಯಲ್ಲಿ ಜನ ಇದ್ದಾರೆ ಅಂತ ಈಗಷ್ಟೇ ಗೊತ್ತಾಯಿತು. ಈಗ ಅಲ್ಲಿಗೇ ಹೊರಟಿದ್ದೀನಿ. ಇನ್ನೂ ಏನಾದರೂ ಇದೆಯೋ, ದಾರಿ ಬಿಡುತ್ತೀಯೋ?'

'ನನ್ನನ್ನೂ ಕರಕೊಂಡು ಹೋಗಿ.'

'ಸಿವಿಲಿಯನ್ನರಿಗೆ ಬೋಟಿನಲ್ಲಿ ಜಾಗ ಇಲ್ಲ.'

'ನೀವು ತರೋಕೆ ಹೊರಟಿರೋದು ಯಾರನ್ನ? ಅವರೆಲ್ಲ ಸಿವಿಲಿಯನ್ನೇ ಅಲ್ಲವಾ?'

ಪಕ್ಕದ ಜವಾನ ನಗು ತಡೆಯಲಾರದೆ ಹಗ್ಗದ ಕಡೆ ತಿರುಗಿದ. ಸುಬೇದಾರರು ಈಗ ನೋಡಿದರು. 'ಅವರು ಬರುವವರು. ನೀನು ಹೋಗುವವಳು. ವ್ಯತ್ಯಾಸ ಇದೆ.'

'ಅಲ್ಲಿರೋದೆಲ್ಲ ಹೆಂಗಸರು. ಅವರಿಗೆ ಹಿಂದಿ ಬರಲ್ಲ, ನಿಮಗೆ ಕನ್ನಡ ಬರಲ್ಲ. ಕೈಸನ್ನೆಯಲ್ಲಿ ಎಷ್ಟು ಹೊತ್ತು ವಾದ ಮಾಡ್ತೀರಿ?'

'ಮುಳುಗುತ್ತಿರುವವರು ವಾದ ಮಾಡುವುದಿಲ್ಲ ಮಗಳೇ.'

'ನೀವು ನಮ್ಮವ್ವನ್ನ ನೋಡಿಲ್ಲ.'

ಅವರ ಮೀಸೆ ಅಲುಗಿತು. ಒಂದು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ನನ್ನ ಕಡೆ ಬಂತು. 'ನಾನು ಕೈ ಎತ್ತಿದರೆ ಅದು ಕೊನೆ ಮಾತು. ಎರಡನೇ ಮಾತು ಆಡಬಾರದು.' ಹ್ಞೂಂ ಅಂದೆ. ಆ ಹೊತ್ತಿಗೆ ನನ್ನ ಜಡೆ ಕೇಳಿದ್ದರೂ ಹ್ಞೂಂ ಅನ್ನುತ್ತಿದ್ದೆ. ಹಿಂದಿನಿಂದ ಮಾವ, 'ಏ, ಈಜು ಬರಂಗಿಲ್ಲಲೇ ನಿನಗ!' ಅಂತ ಕೂಗಿದ್ದು ಕೇಳಿಸಿತು. ಅದನ್ನು ಸುಬೇದಾರರಿಗೆ ಅನುವಾದ ಮಾಡಲಿಲ್ಲ.

ಮೋಟಾರು ಗರ್ರೆಂದಿತು. ಆಹಾ! ಹೆದರಿಕೆ ಆಗಲಿಲ್ಲ ಅಂದರೆ ಸುಳ್ಳು. ಬರೀ ಹೆದರಿಕೆ ಆಯಿತು ಅಂದರೆ ಅದೂ ಸುಳ್ಳು. ಬೋಟು ನೀರಿನ ಬೆನ್ನ ಮೇಲೆ ಹತ್ತಿ ಇಳಿಯಿತು, ನಾನು ಎರಡೂ ಕೈಯಿಂದ ಅಂಚಿನ ಹಗ್ಗ ಹಿಡಿದೆ. ಮುಂದೆ ಕೂತ ಜವಾನ ಉದ್ದ ಗಳದಿಂದ ನೀರನ್ನು ಚುಚ್ಚಿ ನೋಡುತ್ತಿದ್ದ. ಕೈ ಎಡಕ್ಕೆ ಮಾಡಿದರೆ ಬೋಟು ಎಡಕ್ಕೆ, ಬಲಕ್ಕೆ ಮಾಡಿದರೆ ಬಲಕ್ಕೆ. ಪಕ್ಕದಲ್ಲೇ ಒಂದು ಕರೆಂಟಿನ ಕಂಬದ ತುದಿ, ಅದರ ಮೇಲೆ ಒದ್ದೆ ಕಾಗೆ. ಇದರ ಕೆಳಗೆ ಗದ್ದೆ ಇದೆ! ನಿನ್ನೆ ಹಚ್ಚಿದ ಸಸಿ ಇದೆ! ನಾನು ಕಿರುಚಿದೆ. ಜವಾನನೂ ಕಿರುಚಿದ, ಖುಷಿಗೆ. ಅವನಿಗೆ ನನಗಿಂತ ಒಂದೆರಡು ವರ್ಷ ಜಾಸ್ತಿ ಇದ್ದರೆ ಹೆಚ್ಚು.

ಬಂಡೆಯ ಮೇಲೆ ಅವರೆಲ್ಲ ಕಂಡರು. ಸೀರೆ ಇನ್ನೂ ಮೊಣಕಾಲಿಗೆ ಕಟ್ಟಿದ ಹಾಗೇ, ಕಾಲಿಗೆ ಗದ್ದೆಯ ಕೆಸರು ಹಾಗೇ. ನನ್ನನ್ನು ನೋಡಿದವರೇ ಕೂಗಿದರು.

'ಏ ಮೇಸ್ತ್ರಿ, ನಿನ್ನ ಮಗಳು ಮಿಲಿಟರಿ ಸೇರ್ಯಾಳ ನೋಡವಾ!'

'ಕೋಟು ಛಲೋ ಒಪ್ಪತೈತಿ ಬಿಡು, ಮದಿವಿಗೂ ಅದನ್ನ ಹಾಕ್ಕೊ!'

ಅವ್ವ ನಗಲಿಲ್ಲ. ಅವಳ ಕಣ್ಣು ಬೋಟಿನ ಮೇಲಿತ್ತು. ಎಷ್ಟು ಮಂದಿ ಹಿಡಿಸುತ್ತಾರೆ ಅಂತ ಅಳೆಯುತ್ತಿದ್ದಳು. ಬಂಡೆಯ ಬುಡಕ್ಕೆ ನೀರು ಆಗಲೇ ನೆಕ್ಕುತ್ತಿತ್ತು.

ಸುಬೇದಾರರು ಹೇಳಿದ್ದನ್ನು ನಾನು ಹೇಳಿದೆ: ವಯಸ್ಸಾದವರು, ಜ್ವರದವರು ಮೊದಲು. ಬೋಟು ತಿರುತಿರುಗಿ ಬರುತ್ತದೆ. ಕತ್ತಲಾಗುವ ಮುಂಚೆ ಎಲ್ಲರೂ ಆಚೆ.

'ಎಲ್ಲಾರೂ ಒಮ್ಮಿಗೆ ಹಿಡಸಂಗಿಲ್ಲೇನು?' ಅವ್ವ ಕೇಳಿದಳು.

'ಇಲ್ಲ.'

'ಹಂಗಾರ ದೊಡ್ಡದು ತರಾಕ ಹೇಳು.'

ನಾನು ಸುಬೇದಾರರ ಕಡೆ ನೋಡಿದೆ. ಅನುವಾದ ಬೇಕಾಗಲಿಲ್ಲ. ಮುಳುಗುತ್ತಿರುವವರು ವಾದ ಮಾಡುವುದನ್ನು ಅವರು ಕಣ್ಣಾರೆ ನೋಡುತ್ತಿದ್ದರು.

ನಾನು ಶುರು ಮಾಡಿದೆ. ಒಂದನೆಯದು, ದೊಡ್ಡ ಬೋಟು ಇಲ್ಲ. ಎರಡನೆಯದು, ಇದ್ದರೂ ಬಂಡೆಗಳ ನಡುವೆ ಬರುವುದಿಲ್ಲ. ಮೂರನೆಯದು, ಎಲ್ಲರೂ ಇಲ್ಲೇ ನಿಂತರೆ ಎಲ್ಲರಿಗೂ ಅಪಾಯ, ಅರ್ಧ ಮಂದಿ ಹೋದರೆ ಅರ್ಧ ಅಪಾಯ ಕಡಿಮೆ. ಕೊನೆಗೆ ನನ್ನ ತರ್ಕಕ್ಕೆ ನಾನೇ ಮೆಚ್ಚಿ, 'ಅವ್ವಾ, ಇದು ನಾಟಿ ಅಲ್ಲ, ನೀರು!' ಅಂದೆ.

'ನೀರು ಅಂತ ನನಗ ನೀ ಹೇಳ್ತೀಯೇನು? ಮೊಣಕಾಲುದ್ದ ನೀರಾಗ ನಿಂತು ನಿನ್ನ ಓದಿಸೀನಿ.' ಅವಳು ದನಿ ಏರಿಸಲಿಲ್ಲ. 'ನಾ ಹಟಕ್ಕ ಹೇಳಾಕತ್ತಿಲ್ಲ. ಅರ್ಧ ಮಂದಿ ಹೋತು ಅನ್ನು. ಆಮ್ಯಾಲ ನೀರು ಏರಿ ಬೋಟು ಬರಲೇ ಇಲ್ಲ ಅನ್ನು. ಉಳದವರ ಮನಿ ಮುಂದ ಹೋಗಿ ನಾ ಏನಂತ ಹೇಳ್ಲಿ? ಇಂಥಾಕಿ ಹೋಗ್ಲಿ, ಇಂಥಾಕಿ ಇರ್ಲಿ ಅಂತ ಆರಿಸಿದಾಕಿ ನಾನು ಅಂತ ಹೇಳ್ಲೇನು? ನಿನಗ ಮಾತು ಬರ್ತಾವಲ್ಲ, ನೀನ ಹೇಳಿಕೊಡು, ಏನಂತ ಹೇಳ್ಲಿ.'

ಚರ್ಚಾಸ್ಪರ್ಧೆಯಲ್ಲಿ ಮರುವಾದಕ್ಕೆ ಇಷ್ಟು ನಿಮಿಷ ಅಂತ ಕೊಡುತ್ತಾರೆ. ಅವತ್ತು ಆ ನಿಮಿಷಗಳನ್ನು ನಾನು ಅವಳ ಹಿಂದೆ ನಿಂತವರನ್ನು ನೋಡುವುದರಲ್ಲೇ ಕಳೆದೆ. ಅವ್ವನ ಬೆನ್ನ ಹಿಂದೆ ಹೊಸ ಸೊಸೆಯೊಬ್ಬಳು ನಿಂತಿದ್ದಳು, ಕೈಯ ಹಸಿರು ಬಳೆ ಇನ್ನೂ ಹೊಸವು. ಜ್ವರದಿಂದ ಅವಳ ತುಟಿ ಒಣಗಿತ್ತು. ಅವಳೂ ಬರಲು ತಯಾರಿರಲಿಲ್ಲ. 'ನಾ ಒಬ್ಬಾಕಿ ಹೋದ್ರ ನಮ್ಮತ್ತಿ ಏನಂದಾಳು' ಅಂತ ಅವಳ ವಾದ.

ಸುಬೇದಾರರು, 'ಏನು ಹೇಳುತ್ತಿದ್ದಾಳೆ?' ಅಂತ ಕೇಳಿದರು. ಹೇಳಿದೆ, ಎಲ್ಲಾ ಹೇಳಿದೆ. ಅವರು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಅವ್ವನನ್ನೇ ನೋಡುತ್ತ, 'ನನ್ನ ಜವಾನರ ಮನೆಗೂ ನಾನು ಉತ್ತರ ಕೊಡಬೇಕು. ಅವಳು ಹೇಳೋದು ನನಗೆ ಗೊತ್ತು. ಅವಳನ್ನೇ ಕೇಳು, ಏನಾದರೆ ಒಪ್ಪುತ್ತಾಳೆ ಅಂತ' ಅಂದರು.

ಇದನ್ನು ನಾನು ಕೇಳಿಯೇ ಇರಲಿಲ್ಲ. ವಾದ ಗೆಲ್ಲುವವಳು ಎದುರಿನವರಿಗೆ ಆ ಪ್ರಶ್ನೆ ಕೇಳುವುದಿಲ್ಲ.

ಅವ್ವ ಬೋಟಿನಲ್ಲಿದ್ದ ಜವಾನರನ್ನು ಎಣಿಸಿದಳು. ಎರಡು ಕಡೆ ಗದ್ದೆ ಇದ್ದು ಗ್ಯಾಂಗು ಒಡೆಯಲೇಬೇಕಾದಾಗ ನಮ್ಮ ಕಡೆ ಒಂದು ಪದ್ಧತಿ ಇದೆ. ಗದ್ದೆಯ ಯಜಮಾನ ತನ್ನ ಮನೆಯ ಒಬ್ಬರನ್ನು ಹಿಂದೆ ಉಳಿದ ಗುಂಪಿನ ಜೊತೆ ಬಿಡಬೇಕು. ಅವರು ಗುಂಪಿನ ಜೊತೆಗೇ ಉಣ್ಣಬೇಕು, ಗುಂಪಿನ ಜೊತೆಗೇ ಹೊರಡಬೇಕು. ತನ್ನ ಮನೆಯವರು ಅಲ್ಲಿದ್ದಾರೆ ಅಂದಮೇಲೆ ಯಜಮಾನ ಗಾಡಿ ಕಳಿಸದೆ ಇರಲಾರ. ಇದಕ್ಕೆ ಜೊತಿ ಕೊಡೋದು ಅನ್ನುತ್ತಾರೆ.

'ಜೊತಿ ಕೊಡಾಕ ಹೇಳು. ಇವರ ಮಂದಿ ಇಬ್ರು ಇಲ್ಲೇ ನಮ್ಮ ಕೂಡ ಇರ್ಲಿ. ಕಡೇ ಬೋಟಿಗೆ ನಾನು, ಅವರಿಬ್ರು. ಹಂಗಾರ ಕಳಸ್ತೀನಿ.'

ಅನುವಾದ ಮುಗಿಯುವ ಮುಂಚೆಯೇ ಸುಬೇದಾರರು ಇಬ್ಬರ ಕಡೆ ಬೆರಳು ಮಾಡಿದ್ದರು. ಒಬ್ಬ ಗಳ ಹಿಡಿದಿದ್ದ ಆ ಕಿರಿಯ; ಇನ್ನೊಬ್ಬ ಅವನಿಗಿಂತ ಎತ್ತರದವ, ಮಾತಿಲ್ಲದವ. ಇಬ್ಬರೂ ಬಂಡೆಗೆ ಹಾರಿದರು. 'ಇದು ನಮ್ಮಲ್ಲೂ ಹೀಗೇ' ಅಂದರು ಸುಬೇದಾರರು. 'ಜನರನ್ನಷ್ಟೇ ಬಿಟ್ಟು ಬೋಟು ಹೋಗುವುದಿಲ್ಲ.' ಅವ್ವ ಆ ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿ, ಪುಟ್ಟಿಯಿಂದ ರೊಟ್ಟಿ ತೆಗೆದು ಅವರ ಕೈಗೆ ಕೊಟ್ಟಳು. ಕಿರಿಯವ ಬೇಡ ಅನ್ನಲು ಹೋದ. 'ಉಣ್ಣಬೇಕಂತ ಹೇಳು, ಉಣ್ಣದಿದ್ರ ಲೆಕ್ಕಕ್ಕ ಬರಂಗಿಲ್ಲ' ಅಂದಳು. ನೀರು ಏರುತ್ತಿದ್ದ ಬಂಡೆಯ ಮೇಲೆ ಸೈನ್ಯದ ಇಬ್ಬರು ನಿಂತುಕೊಂಡೇ ಜೋಳದ ರೊಟ್ಟಿ, ಕೆಂಪು ಚಟ್ನಿ ಉಂಡರು. ಖಾರಕ್ಕೆ ಎತ್ತರದವನ ಕಣ್ಣಲ್ಲಿ ನೀರು ಬಂತು. ಹೆಂಗಸರಿಗೆ ನಗುವೋ ನಗು.

ಮೊದಲ ಬೋಟಿಗೆ ಜ್ವರದ ಸೊಸೆ, ಗ್ಯಾಂಗಿನ ಮುದುಕಿ, ಇನ್ನು ಕೆಲವರು ಹತ್ತಿದರು. ಸುಬೇದಾರರು ನನ್ನ ಕಡೆ ತಿರುಗಿ, 'ನೀನೂ' ಅಂದರು.

'ನಾನು ಅವ್ವನ ಜೊತೆ ಬರ್ತೀನಿ.'

'ನಿನ್ನ ಕೆಲಸ ಮುಗಿಯಿತು. ಈಗ ನೀನು ಬರೀ ಒಂದು ಸೀಟು. ಆಮೇಲೆ ಹೋದರೆ ಅವರಲ್ಲಿ ಒಬ್ಬಳ ಸೀಟು ತಿನ್ನುತ್ತೀಯ.'

ಬಾಯಿ ತೆರೆದೆ. ಅವರು ಕೈ ಎತ್ತಿದರು.

ಹತ್ತಿದೆ. ಅವ್ವ ತಿರುಗಿ ನೋಡಲಿಲ್ಲ. ಉಳಿದವರನ್ನು ಬಂಡೆಯ ಇನ್ನೂ ಎತ್ತರದ ಕಡೆ ಸರಿಸುತ್ತಿದ್ದಳು. ಬರುವಾಗ ಹೊಳೆ ಅದೇ, ಬೋಟು ಅದೇ, ಆದರೆ ನಾನು ಒಂದು ಸಲವೂ ಕಿರುಚಲಿಲ್ಲ. ಕುತ್ತಿಗೆ ತಿರುಗಿಸಿಕೊಂಡು ಬಂಡೆಯನ್ನೇ ನೋಡುತ್ತಿದ್ದೆ.

ದಂಡೆಯಲ್ಲಿ ಮಾವ ನನ್ನನ್ನು ನೋಡಿ ಅತ್ತ, ತಕ್ಷಣ ಬೈದ, ಆಮೇಲೆ ಚಹಾ ತರಿಸಿದ. ಬೋಟು ಹೋಯಿತು, ಬಂತು. ಮತ್ತೆ ಹೋಯಿತು, ಬಂತು. ಪ್ರತಿ ಸಲ ಬೋಟು ಬಂಡೆಗಳ ಹಿಂದಿನಿಂದ ಮೂಗು ತೋರಿಸಿದಾಗ ದಂಡೆಯ ಮಂದಿಯೆಲ್ಲ ಹೋ ಅಂತ ಕೂಗುತ್ತಿದ್ದರು, ನಾನೂ ಕೂಗುತ್ತಿದ್ದೆ. ಇಳಿದ ಹೆಂಗಸರು ಹೊರಟು ಹೋಗಲಿಲ್ಲ. ಒಬ್ಬೊಬ್ಬರೇ ಬಂದು ದಂಡೆಯ ಮೇಲೆ ಸಾಲಾಗಿ ಕೂತರು.

ಕೊನೆಯ ಬೋಟು ಬಂತು. ಅವ್ವ ಕಂಡಳು! ಮಾವನ ಅಂಗಿ ಹಿಡಿದು ಜಗ್ಗಿದೆ. ಅಷ್ಟರಲ್ಲಿ ಮೋಟಾರಿನ ಸದ್ದು ಒಂದು ಸಲ ಕೆಮ್ಮಿ ನಿಂತುಹೋಯಿತು.

ಸದ್ದು ನಿಂತಾಗಲೇ ಗೊತ್ತಾಗಿದ್ದು ಹೊಳೆ ಎಷ್ಟು ಜೋರಾಗಿತ್ತು ಅಂತ. ಬೋಟು ಅಡ್ಡ ತಿರುಗಿತು. ನಮ್ಮ ಮುಂದೆಯೇ ಹಾದು, ಕೆಳಗಡೆಗೆ ಜಾರಿತು. ಓಡಿದೆವು. ನಾನು, ಮಾವ, ಕೂತಿದ್ದ ಹೆಂಗಸರು, ಬಾಳೆಹಣ್ಣು ತಿನ್ನುತ್ತಿದ್ದ ವಿದೇಶಿಯವ ಕೂಡ. ಬಾಳೆತೋಟದೊಳಗೆ ನುಗ್ಗಿ, ಕೆಸರಲ್ಲಿ ಬಿದ್ದು, ಎದ್ದು ಓಡಿದೆವು. ಎಲೆಗಳ ನಡುವೆ ಬೋಟು ಕಾಣುತ್ತಿತ್ತು, ಮರೆಯಾಗುತ್ತಿತ್ತು. ಸುಬೇದಾರರು ಬೋಟಿನ ಹಿಂಭಾಗದಲ್ಲಿ ನಿಂತು ಕೂಗುತ್ತಿದ್ದರು, ಹೋ, ಹೋ, ಒಂದೇ ತಾಳಕ್ಕೆ, ಆ ತಾಳಕ್ಕೆ ಹುಟ್ಟುಗಳು ನೀರಿಗೆ ಬೀಳುತ್ತಿದ್ದವು. ಒಂದು ಹುಟ್ಟು ಅವ್ವನ ಕೈಯಲ್ಲಿತ್ತು! ಭಾಷೆ ಬಾರದ ಹೆಂಗಸಿಗೆ ತಾಳ ಯಾರು ಹೇಳಿಕೊಡಬೇಕು? ಬಗ್ಗಿ ಏಳುವ ಕೆಲಸವೇ ಅವಳದು. ಬೋಟು ಮುಳುಗಿದ ಹುಣಸೆಮರದ ತಲೆಗೆ ತಾಗಿತು, ನಿಂತಿತು. ಹಗ್ಗ ಹಾರಿ ಬಂತು. ಕೈಗೆ ಸಿಕ್ಕವರೆಲ್ಲ ಹಿಡಿದು ಎಳೆದೆವು.

ಅವ್ವ ಇಳಿದಳು. ನಾನು ಅವಳನ್ನು ಅಪ್ಪಿಕೊಳ್ಳಲು ಹೋದರೆ ಅವಳು ನನ್ನ ಕಾಲು ನೋಡಿದಳು. 'ಚಪ್ಪಲಿ ಎಲ್ಲಿ ಕಳಕೊಂಡಿ?' ಅಂದಳು. ಆಮೇಲೆ ಒಂದೇ ಕೈಯಲ್ಲಿ ನನ್ನ ತಲೆಯನ್ನು ತನ್ನ ಹೆಗಲಿಗೆ ಒತ್ತಿಕೊಂಡಳು. ಆ ಕೈ ಬಹಳ ಹೊತ್ತು ತೆಗೆಯಲಿಲ್ಲ.

ಅವಳ ಹಿಂದೆ ಉಳಿದ ಹೆಂಗಸರು, ಕೊನೆಗೆ ಒಬ್ಬ ಮುದುಕ, ಒಬ್ಬ ಮುದುಕಿ ಇಳಿದರು. ಗ್ಯಾಂಗಿನವರಲ್ಲ. ಆ ಇಬ್ಬರು ಜವಾನರು ಇಳಿಯಲಿಲ್ಲ.

ಆಗಿದ್ದು ಇಷ್ಟು. ಕೊನೆಯ ಬೋಟು ಹೊರಡುವ ಹೊತ್ತಿಗೆ, ಬಂಡೆಯ ಹಿಂಬದಿಯ ಹಾಳು ಮಂಟಪದೊಳಗೆ ಅಷ್ಟೊತ್ತು ಅಡಗಿ ಕೂತಿದ್ದ ಈ ಗಂಡಹೆಂಡತಿ ಹೊರಗೆ ಬಂದು ಕೈ ಬೀಸಿದ್ದಾರೆ. ಬೋಟು ತುಂಬಿತ್ತು. ಜವಾನರಿಬ್ಬರೂ ಯಾರನ್ನೂ ಕೇಳದೆ ಇಳಿದು ಅವರನ್ನು ಹತ್ತಿಸಿದ್ದಾರೆ. ಅವ್ವನೂ ಇಳಿಯಲು ಹೋಗಿದ್ದಳಂತೆ. ಸುಬೇದಾರರು ಅವಳಿಗೂ ಕೈ ಎತ್ತಿದ್ದಾರೆ.

ತಾಲೂಕು ಕಚೇರಿಯ ಒಬ್ಬ ಸಿಬ್ಬಂದಿ ಟ್ರ್ಯಾಕ್ಟರ್ ತಂದು ನಿಲ್ಲಿಸಿದ್ದ. 'ಹತ್ರಿ, ಹತ್ರಿ! ಗಂಜಿ ಕೇಂದ್ರದಾಗ ಅನ್ನ ಬಿಸಿ ಐತಿ.' ಯಾರೂ ಹತ್ತಲಿಲ್ಲ. ಅವ್ವ ಹೋಗಿ ಸಾಲಿನ ತುದಿಯಲ್ಲಿ ಕೂತಳು.

'ಯಾಕ್ರಿ? ಇನ್ನ ಯಾರರ ಬರೋದೈತೇನು?'

'ನಮ್ಮವರು ಇಬ್ರು ಆಕಡಿ ಅದಾರ.'

'ಯಾರ್ರಿ? ಹೆಸರು ಹೇಳ್ರಿ, ಬರ್ಕೊಂತೀನಿ.'

'ಹೆಸರು ಗೊತ್ತಿಲ್ಲ.'

'ನಿಮ್ಮವರು ಅಂತೀರಿ, ಹೆಸರು ಗೊತ್ತಿಲ್ಲ ಅಂತೀರಿ! ಯಾ ಊರು?'

'ಊರೂ ಗೊತ್ತಿಲ್ಲ. ನಮ್ಮ ರೊಟ್ಟಿ ಉಂಡಾರ.'

ಆತ ನನ್ನ ಕಡೆ ನೋಡಿದ, ಓದಿದ ಹುಡುಗಿ ಬುದ್ಧಿ ಹೇಳಲಿ ಅನ್ನುವ ಹಾಗೆ. ನಾನೂ ಹೇಳಿದೆ, ಸುಳ್ಳೇಕೆ. 'ಅವ್ವಾ, ಅವರು ಮಿಲಿಟರಿಯವರು. ಈಜು ಬರತೈತಿ, ಜಾಕೆಟ್ ಐತಿ, ಇದಕ್ಕಂತನ ಅವರಿಗೆ ತರಬೇತಿ ಕೊಟ್ಟಿರ್ತಾರ. ನೀವು ಕುಂತ್ರ ಅವರೇನು ಲಗೂನ ಬರ್ತಾರೇನು? ನೀವು ತಂಡ್ಯಾಗ ಕುಂದ್ರೂದರಿಂದ ಯಾರಿಗೇನು ಲಾಭ?'

'ಲಾಭ ಇಲ್ಲ' ಅಂದಳು ಅವ್ವ. 'ಕುಂದ್ರು.'

ಸುಬೇದಾರರು ಬಂದು, 'ನನ್ನ ಹುಡುಗರು ನನ್ನ ಜವಾಬ್ದಾರಿ, ತಾಯಿ ಹೋಗಲಿ' ಅಂತ ನನಗೆ ಹೇಳಿದರು. ಅನುವಾದ ಮಾಡಿದೆ. ಅವ್ವ, 'ಅವರು ನಮ್ಮ ಜಾಗಾದಾಗ ಉಳದಾರ' ಅಂದಳು. ಅನುವಾದ ಮಾಡಿದೆ. ಅವರು ತಿರುಗಿ ಮೋಟಾರಿನ ಕಡೆ ಹೋದರು. ಅದರ ಫ್ಯಾನಿಗೆ ಭತ್ತದ ಸಸಿಯ ಕಟ್ಟು ಸುತ್ತಿಕೊಂಡಿತ್ತು. ಯಾರ ಗದ್ದೆಯದೋ, ಇನ್ನೂ ಹಚ್ಚದ ಸಸಿ. ಚಾಕುವಿನಲ್ಲಿ ಕೊಯ್ದು ಕೊಯ್ದು ತೆಗೆಯತೊಡಗಿದರು. ಇನ್ನೊಂದು ಬೋಟು ಆಗಲೇ ಕೆಳಗಿನ ಇನ್ನೊಂದು ಊರಿಗೆ ಹೋಗಿತ್ತು.

ನನಗೆ ಕೂರಲಾಗಲಿಲ್ಲ. ತಾಲೂಕಿನ ಆ ಮನುಷ್ಯನನ್ನೇ ಹಿಡಿದುಕೊಂಡೆ. 'ಹೊಳಿ ದಂಡಿ ಮ್ಯಾಲಿನ ತಾಲೂಕಿಗೆ ಸ್ವಂತ ಒಂದು ಮೋಟರ್ ಬೋಟು ಯಾಕಿಲ್ರಿ? ಮೈಕು ಆ ತುದಿಗೆ ಯಾಕ ಹೋಗಲಿಲ್ಲ?'

'ನನ್ನ ಕೇಳಿದ್ರ ಹೆಂಗವಾ? ಬೋಟು ಕೊಟ್ರ ನಾನೂ ಹೊಡಿತಿದ್ದೆ' ಅಂದ ಆತ. ಮುಖ ಸಣ್ಣ ಮಾಡಿಕೊಂಡು ತನ್ನ ಟಾರ್ಚನ್ನು ಸುಬೇದಾರರಿಗೆ ಹಿಡಿಯಲು ಹೋದ. ಮುಂಜಾನೆಯಿಂದ ಆತನೂ ಉಂಡಿರಲಿಲ್ಲ ಅಂತ ಆಮೇಲೆ ತಿಳಿಯಿತು. ಆದರೂ ಪ್ರಶ್ನೆ ಪ್ರಶ್ನೆಯೇ. ಆ ಸುಬೇದಾರರು ಬೇರೆ ಎಲ್ಲೋ ಗುಡ್ಡದಲ್ಲಿ ಇರಬೇಕಾದವರು. ಅವರು ನಮ್ಮ ಹೊಳೆಯಲ್ಲಿ ನಮ್ಮ ಸಸಿ ಕೊಯ್ಯುತ್ತ ಕೂತಿದ್ದಾರೆ ಅಂದರೆ ಇಲ್ಲಿ ಯಾರೋ ತಮ್ಮ ಕೆಲಸ ಮಾಡಿಲ್ಲ. ಇದನ್ನು ಯಾವ ವೇದಿಕೆಯ ಮೇಲೆ ಬೇಕಾದರೂ ಮತ್ತೆ ಹೇಳುತ್ತೇನೆ. ವೇದಿಕೆಯ ಮೇಲೆ ನಾನು ಹೇಳದೆ ಬಿಟ್ಟಿದ್ದು ಇನ್ನೊಂದಿತ್ತು. ಯಾರದೋ ಕೆಲಸವನ್ನು ತಮ್ಮದು ಅಂದುಕೊಂಡು ಬಂದವರ ಮನೆಯಲ್ಲೂ ಒಬ್ಬ ಅವ್ವ ಇರುತ್ತಾಳೆ. ಅವಳ ಪರವಾಗಿ ಈ ದಂಡೆಯಲ್ಲಿ ಯಾರು ಕೂರಬೇಕು ಅಂತ ನನ್ನ ಯಾವ ವಾದದಲ್ಲೂ ಬಂದಿರಲಿಲ್ಲ.

ಹೋಗಿ ಸಾಲಿನಲ್ಲಿ ಕೂತೆ.

ಮೋಟಾರು ಹತ್ತಿತು. ಸುಬೇದಾರರೊಬ್ಬರೇ ಹೋದರು. ಹೊಳೆಯ ಮೇಲೆ ಬೆಳಕು ಬಾಡುತ್ತಿತ್ತು. ಮಾವ ಟಂಟಂ ತಿರುಗಿಸಿ ಲೈಟು ನೀರಿಗೆ ಬಿಟ್ಟ. ಅದನ್ನು ನೋಡಿ ಟ್ರ್ಯಾಕ್ಟರಿನವನೂ ತಿರುಗಿಸಿದ. ಜ್ವರದ ಸೊಸೆಯನ್ನು ಎಷ್ಟು ಹೇಳಿದರೂ ಟ್ರ್ಯಾಕ್ಟರಿಗೆ ಕಳಿಸಲಾಗಲಿಲ್ಲ, ಯಾರದೋ ಕಂಬಳಿ ಹೊದ್ದು ನನ್ನ ಪಕ್ಕದಲ್ಲೇ ಒರಗಿದ್ದಳು. ಬಂಡೆಗಳ ಹಿಂದೆ ಬೋಟು ಮರೆಯಾಯಿತು. ಕಿವಿಯಲ್ಲಿ ಬರೀ ನೀರು.

ಮೊದಲು ಕೇಳಿಸಿದ್ದು ಗ್ಯಾಂಗಿನ ಮುದುಕಿಗೆ. 'ಬಂತು' ಅಂದಳು. ನಮಗೇನೂ ಕೇಳಿಸಲಿಲ್ಲ. ಆಮೇಲೆ ಕೇಳಿಸಿತು. ಗುರ್ರ್ ಅನ್ನುವ ಆ ಸದ್ದು ದೊಡ್ಡದಾಗುತ್ತ, ಬೋಟಿನ ಮೂಗು ಎರಡೂ ಲೈಟಿನ ನಡುವೆ ಬಂದು ನಿಂತಿತು. ಒಳಗೆ ಮೂರು ತಲೆ! ದಂಡೆ ಕಿತ್ತುಹೋಗುವ ಹಾಗೆ ಕೂಗಿದೆವು. ನಾನು ಚಪ್ಪಾಳೆಯನ್ನೂ ಹೊಡೆದೆ, ಬರೆದಿಟ್ಟುಕೊಳ್ಳಿ.

ಕಿರಿಯ ಜವಾನ ಹಾರಿ ಇಳಿದವನು, ಇಷ್ಟೊಂದು ಹೆಂಗಸರು ಇನ್ನೂ ಸಾಲಾಗಿ ಕೂತಿದ್ದನ್ನು ನೋಡಿ ಗಾಬರಿಯಾದ. ನೇರ ನನ್ನ ಹತ್ತಿರ ಬಂದ.

'ಯಾಕೆ, ಏನಾಯಿತು? ಇನ್ನೂ ಯಾರಾದರೂ ಆ ಕಡೆ ಉಳಿದಿದ್ದಾರಾ?'

'ಉಳಿದಿದ್ದರು' ಅಂದೆ. 'ನೀವಿಬ್ಬರು.'

ಅವನಿಗೆ ಅರ್ಥವಾಗಲಿಲ್ಲ. ಎತ್ತರದವನ ಮುಖ ನೋಡಿದ. ನಾನು ಇನ್ನೊಮ್ಮೆ ಹೇಳಲು ಹೊರಟೆ. ಅಷ್ಟರಲ್ಲಿ ಅವ್ವ ಎದ್ದು ಸೀರೆ ಕೊಡವಿದಳು, ಅವಳ ಹಿಂದೆ ಸಾಲೆಲ್ಲ ಎದ್ದಿತು.

'ನಡೀರಿನ್ನ' ಅಂದಳು, 'ಹೊಟ್ಟಿ ಹಸದು ಕಣ್ಣು ಕಾಣವಲ್ವು.' ಟ್ರ್ಯಾಕ್ಟರ್ ಹತ್ತುವ ಮುಂಚೆ ಇಬ್ಬರ ಹೆಗಲನ್ನೂ ಒಮ್ಮೆ ಮುಟ್ಟಿ ಹೋದಳು.